ನಂಜಪ್ಪನವರು ಎಡೆ ಹೊತ್ತು ಓಡಿದ್ದು

ನಮ್ಮ ಮನೆ ಓನರ್ ನಂಜಪ್ಪನವರು ಕಾಲುಗಳನ್ನು ಬುಲೆಟ್ಟಿನ ಗೇರು ಹಾಕುವುದಕ್ಕಷ್ಟೇ ಇಟ್ಟುಕೊಂಡಿದ್ದವರು. ಮನೆಯಿಂದ ಹಾಲಿನ ಬೂತಿಗೆ ಎಂಬತ್ತು ಹೆಜ್ಜೆ, ನಾನೇ ಎಣಿಸಿದ್ದೇನೆ. ಅಷ್ಟು ದೂರಕ್ಕೂ ಗಾಡಿ ತೆಗೆಯುತ್ತಿದ್ದರು. ವಯಸ್ಸು ಐವತ್ನಾಲ್ಕು, ತೂಕ ತೊಂಬತ್ತಾರು ಕೆಜಿ. ವರ್ತೂರಿನಲ್ಲಿ ಅವರು ಕಟ್ಟಿಸಿದ ಮೂರು ಅಂತಸ್ತಿನ ಕಟ್ಟಡದ ಮೊದಲ ಮಹಡಿಯಲ್ಲಿ ನಾನೂ ನನ್ನ ಹೆಂಡತಿ ಪಂಕಜಾಳೂ ಹನ್ನೊಂದು ವರ್ಷದಿಂದ ಬಾಡಿಗೆಗಿದ್ದೇವೆ. ಅಂಥ ಮನುಷ್ಯ ಹೋದ ಸೆಪ್ಟೆಂಬರಿನಲ್ಲಿ ನಲವತ್ತೆರಡು ಕಿಲೋಮೀಟರ್ ಮ್ಯಾರಥಾನ್‌ಗೆ ಹೆಸರು ಕೊಟ್ಟರು. ಮೊಬೈಲಿನಲ್ಲಿ ಫಾರಂ ತುಂಬಿದವನು ನಾನೇ, ಹಾಗಾಗಿ ಪಾಪದಲ್ಲಿ ನನಗೂ ಪಾಲಿದೆ.

ಆರೋಗ್ಯದ ಆಸೆಯಿಂದ ಓಡಿದರು ಎಂದು ಯಾರೂ ತಪ್ಪು ತಿಳಿಯಬಾರದು. ಅವರು ಓಡಿದ್ದು ಅಪ್ಪನ ಸಮಾಧಿಗೆ ಎಡೆ ಇಡಲು. ಈ ಕಡೆಯ ಒಕ್ಕಲು ಮನೆಗಳಲ್ಲಿ ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಮಾಡಿ ಸಮಾಧಿಯ ಮುಂದೆ ಬಾಳೆಲೆಯಲ್ಲಿ ಬಡಿಸುತ್ತಾರೆ. ಎಡೆ ಇಡುವ ಮಗ ಅಲ್ಲಿಯವರೆಗೆ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು, ಎಡೆಯ ಪಾತ್ರೆಯನ್ನು ದಾರಿಯಲ್ಲಿ ನೆಲಕ್ಕಿಡಬಾರದು. ಇದು ಅವರ ತಾಯಿ ಪಿಳ್ಳಮ್ಮನವರ ಕಾನೂನು. ಆ ಮನೆಯಲ್ಲಿ ಬೇರೆ ಕಾನೂನು ನಡೆಯುವುದನ್ನು ನಾನಂತೂ ಕಂಡಿಲ್ಲ.

ಸಮಾಧಿಯಿದ್ದ ಹುಣಸೆಮರದ ಹೊಲವನ್ನು ನಂಜಪ್ಪನವರು ಒಂಬತ್ತು ವರ್ಷದ ಹಿಂದೆ ಒಬ್ಬ ಬಿಲ್ಡರಿಗೆ ಮಾರಿದ್ದರು. ನಿಮ್ಮ ತಂದೆ ಅಂದರೆ ನಮ್ಮ ತಂದೆ ಇದ್ದ ಹಾಗೆ, ಯಾವಾಗ ಬೇಕಾದರೂ ಬಂದು ಪೂಜೆ ಮಾಡಿಕೊಳ್ಳಿ ಎಂದು ಬಿಲ್ಡರ್ ಎದೆ ಮುಟ್ಟಿಕೊಂಡು ಹೇಳಿದ್ದನಂತೆ. ಕಾಗದದಲ್ಲಿ ಮಾತ್ರ ಈ ತಂದೆಯ ಸುದ್ದಿ ಒಂದಕ್ಷರವೂ ಇರಲಿಲ್ಲ. ಕೆಲಸಕ್ಕೆ ಬಂದ ಕೂಲಿಯವರು ಸಮಾಧಿ ಒಡೆಯಲು ಹೆದರಿದ್ದರಿಂದ ಅದೂ ಪಕ್ಕದ ಹುಣಸೆಮರವೂ ಹಾಗೇ ಉಳಿದವು, ಸುತ್ತ ಹದಿನಾಲ್ಕು ಅಂತಸ್ತಿನ ಏಳು ಟವರ್ ಎದ್ದವು. ಆ ಅಪಾರ್ಟ್‌ಮೆಂಟಿಗೆ ಇಟಲಿಯದೋ ಸ್ಪೇನಿನದೋ ಒಂದು ಊರಿನ ಹೆಸರಿಟ್ಟಿದ್ದಾರೆ, ನನ್ನ ನಾಲಿಗೆ ಹೊರಳುವುದಿಲ್ಲ. ನಂಜಪ್ಪನವರು ಇವತ್ತಿಗೂ ಅದನ್ನು ಹುಣಸೆಮರದ ಹೊಲ ಎಂದೇ ಕರೆಯುತ್ತಾರೆ.

ಕಟ್ಟುವಷ್ಟು ವರ್ಷ ತೊಂದರೆಯಿರಲಿಲ್ಲ. ಜನ ಬಂದು ಸೇರಿ, ಕಾಂಪೌಂಡು ಎದ್ದು, ಗೇಟಿನಲ್ಲಿ ಕೃಷ್ಣ ಎಂಬ ಸೆಕ್ಯೂರಿಟಿಯವನು ಕೈಯಲ್ಲಿ ಟ್ಯಾಬ್ ಹಿಡಿದು ನಿಂತ ಮೇಲೆ ಶುರುವಾಯಿತು ನೋಡಿ. ಮೊದಲ ವರ್ಷ ನಂಜಪ್ಪನವರು ಎಡೆ ಹಿಡಿದು ಹೋದಾಗ ಅವನು ಯಾವ ಫ್ಲ್ಯಾಟಿಗೆ ಹೋಗಬೇಕು ಎಂದು ಕೇಳಿದ. ಸಮಾಧಿಗೆ ಫ್ಲ್ಯಾಟ್ ನಂಬರ್ ಇರಲಿಲ್ಲ. ನಂಬರ್ ಹಾಕದಿದ್ದರೆ ಟ್ಯಾಬ್ ಮುಂದಕ್ಕೆ ಹೋಗುವುದಿಲ್ಲ ಎಂದು ಅವನು ಪಾಪ ತೋರಿಸಿಯೂ ತೋರಿಸಿದ. ಎರಡನೆಯ ವರ್ಷ ಇವರು ಬುದ್ಧಿ ಓಡಿಸಿ, ಊಟ ತಲುಪಿಸುವ ಹುಡುಗನೊಬ್ಬನ ಅಂಗಿ ಹಾಕಿಕೊಂಡು ಹೋದರು. ಡೆಲಿವರಿ ಅಂದರೆ ತರಿಸಿಕೊಂಡವರು ಓಟಿಪಿ ಹೇಳಬೇಕು ಎಂದ ಕೃಷ್ಣ. ಹೂತು ಇಪ್ಪತ್ತು ವರ್ಷವಾದ ಅಪ್ಪನಿಂದ ಓಟಿಪಿ ತರುವುದು ಎಲ್ಲಿಂದ? ಅಸೋಸಿಯೇಷನ್ನಿಗೆ ನಾನೇ ಒಂದು ಅರ್ಜಿ ಬರೆದುಕೊಟ್ಟೆ. ಮುಂದಿನ ಸಭೆಯಲ್ಲಿ ಹೊರಗಿನ ಆಹಾರ ಎಂಬ ವಿಷಯದ ಕೆಳಗೆ ಚರ್ಚಿಸುವುದಾಗಿ ಉತ್ತರ ಬಂತು, ಅಲ್ಲಿಗೆ ಮುಗಿಯಿತು.

ಎರಡು ವರ್ಷ ಎಡೆ ತಪ್ಪಿದ ಮೇಲೆ ಪಿಳ್ಳಮ್ಮನವರು ಮಗನ ಜೊತೆ ಮಾತು ಕಡಿಮೆ ಮಾಡಿದರು. ಎಂಬತ್ತೆರಡರ ಹೆಂಗಸು, ಮಾತು ಕಡಿಮೆ ಮಾಡಿದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಹೋದ ಆಗಸ್ಟಿನಲ್ಲಿ ಒಂದು ದಿನ ಅಂಗಳದಲ್ಲಿ ಅಲಸಂದೆಕಾಯಿ ಬಿಡಿಸುತ್ತಾ, ನನ್ನೆದುರಿಗೇ ಹೇಳಿದರು.

"ನಂಜ, ಈ ವರ್ಸಾನೂ ಎಡೆ ತಪ್ತು ಅಂದ್ರೆ ನನ್ ಮಣ್ಣು ನೀನ್ ಮಾಡ್ಬ್ಯಾಡ. ನನ್ ತಂಗಿ ಮಗ ಮಾಡ್ತಾನೆ. ಅವ್ನಿಗೆ ಹೇಳಿ ಕಳ್ಸಿದೀನಿ."

ತಾಯಿಯ ಮಣ್ಣು ಮಾಡಬೇಡ ಎನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬೈಗುಳ ಆ ಜನರಲ್ಲಿ ಇಲ್ಲ. ಬುಲೆಟ್ ತೆಗೆದುಕೊಂಡು ಹೊರಟ ನಂಜಪ್ಪನವರು ಸುಮ್ಮನೆ ಕೆರೆ ಏರಿಯ ಮೇಲೆ ನಾಲ್ಕು ಸಲ ಆ ಕಡೆ ಈ ಕಡೆ ಓಡಿಸಿ ಬಂದರು. ಮಾರುವಾಗ ಒಂದು ಸಾಲು ಬರೆಸಿಕೊಳ್ಳಬೇಕಿತ್ತು ಸಾರ್, ಕತ್ತೆ ಹಂಗೆ ಸೈನ್ ಹಾಕ್ಬಿಟ್ಟೆ ಎಂದು ರಾತ್ರಿ ಮೆಟ್ಟಿಲ ಮೇಲೆ ಕೂತು ನನ್ನ ಹತ್ತಿರ ಹೇಳಿಕೊಂಡರು.

ಆ ವಾರವೇ ಬೀದಿಯಲ್ಲಿ ಬ್ಯಾನರ್ ಬಿತ್ತು. ಕೆರೆ ಉಳಿಸಲು ಮ್ಯಾರಥಾನ್, ಸೆಪ್ಟೆಂಬರ್ ಇಪ್ಪತ್ತೊಂದು, ಭಾನುವಾರ. ಅದೇ ಅಮಾವಾಸ್ಯೆಯ ದಿನ. ದಾರಿಯ ನಕ್ಷೆ ನೋಡಿದರೆ ಮೂವತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಓಟ ಹುಣಸೆಮರದ ಹೊಲದ ಒಳಕ್ಕೇ ಹೋಗುತ್ತದೆ! ಐದು ಮತ್ತು ಹತ್ತು ಕಿಲೋಮೀಟರ್ ಓಡುವವರಿಗೆ ಪ್ರವೇಶವಿಲ್ಲ. ಪೂರ್ತಿ ನಲವತ್ತೆರಡು ಓಡುವವರನ್ನು ಮಾತ್ರ ಒಳಗೆ ಬಿಡಲು ಅಸೋಸಿಯೇಷನ್ ಒಪ್ಪಿದೆಯಂತೆ. ಅಂಥವರ ಸಂಖ್ಯೆ ಕಡಿಮೆ, ಮೇಲಾಗಿ ಅಲ್ಲಿಗೆ ತಲುಪುವಾಗ ಅವರಲ್ಲಿ ಏನನ್ನೂ ಕದಿಯುವಷ್ಟು ಶಕ್ತಿ ಉಳಿದಿರುವುದಿಲ್ಲ ಎಂಬ ಲೆಕ್ಕಾಚಾರ. ಗೇಟು ಮಧ್ಯಾಹ್ನ ಹನ್ನೆರಡೂವರೆಗೆ ಮುಚ್ಚುತ್ತದೆ.

ಓಡುವವರ ಎದೆಯ ಮೇಲೆ ಅಂಟಿಸುವ ನಂಬರಿನಲ್ಲಿ ಒಂದು ಚಿಪ್ ಇರುತ್ತದೆ. ರಸ್ತೆಯ ಮೇಲೆ ಹಾಸಿದ ಪಟ್ಟಿಗಳನ್ನು ಒಂದೊಂದಾಗಿ ದಾಟಿ ಬಂದಿದ್ದರೆ ಗೇಟಿನಲ್ಲಿ ಹಸಿರು ದೀಪ, ಒಂದು ತಪ್ಪಿದರೂ ಕೆಂಪು. ನಂಜಪ್ಪನವರ ಮೊದಲ ಯೋಜನೆಯೆಂದರೆ ಆ ನಂಬರನ್ನು ನನ್ನ ಸ್ಕೂಟರಿಗೆ ಅಂಟಿಸಿ ಸುತ್ತಿಸಿ ತರುವುದು. ನಾನು ಕೆಂಡಾಮಂಡಲವಾದೆ. ಮೂವತ್ತೊಂದು ವರ್ಷ ಸರ್ಕಾರಿ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತವನು ನಾನು. ಒಬ್ಬನ ಹಾಜರಿ ಕಾರ್ಡನ್ನು ಇನ್ನೊಬ್ಬ ಪಂಚ್ ಮಾಡಲು ನನ್ನ ಸರ್ವೀಸಿನಲ್ಲಿ ಒಂದು ದಿನವೂ ಬಿಟ್ಟಿಲ್ಲ, ನನ್ನ ಭಾವಮೈದುನನಿಗೂ ಬಿಟ್ಟಿಲ್ಲ. ವೆಂಕಟಸುಬ್ಬಯ್ಯ ಎಂದರೆ ಗೇಟಿನಲ್ಲಿ ಯೂನಿಯನ್ನಿನವರೂ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದರು. ಓಡುವುದಾದರೆ ಓಡಿ, ಮೋಸದ ಪಂಚ್ ಮಾತ್ರ ಆಗದು ಎಂದೆ. ಈಗ ಯೋಚಿಸಿದರೆ ಇಷ್ಟಕ್ಕೆಲ್ಲ ಕಾರಣ ನನ್ನ ಈ ಶನಿಬುದ್ಧಿಯೇ.

ತರಬೇತಿಗೆ ಮೂರು ವಾರ ಇತ್ತು. ಮೊದಲ ದಿನ ಬೆಳಿಗ್ಗೆ ನಂಜಪ್ಪನವರು ಗುಂಜೂರಿನವರೆಗೆ ನಡೆದು ಬರುತ್ತೇನೆಂದು ಹೊರಟರು. ಹತ್ತೇ ನಿಮಿಷಕ್ಕೆ ಯಾರದೋ ಹಾಲಿನ ವ್ಯಾನಿನಲ್ಲಿ ಕೂತು ವಾಪಸ್ ಬಂದರು. ಆದದ್ದಿಷ್ಟು. ನಂಜಪ್ಪ ನಡೆಯುತ್ತಿದ್ದಾನೆ ಎಂದರೆ ಬುಲೆಟ್ ಕೆಟ್ಟಿದೆ ಎಂದೇ ಊರಿನ ಅರ್ಥ. ಕಂಡವರೆಲ್ಲ ಗಾಡಿ ನಿಲ್ಲಿಸಿ ಹತ್ತಿಸಿಕೊಂಡರು. ಊರಿನವರು ಕರೆದ ಗಾಡಿ ಹತ್ತದಿದ್ದರೆ ಅದು ಅವಮಾನ, ನಾಳೆ ಮದುವೆಗೆ ಕರೆಯುವಾಗ ನೆನಪಿಟ್ಟುಕೊಳ್ಳುತ್ತಾರೆ. ದಿನಕ್ಕೊಂದು ದಿಕ್ಕು ಬದಲಾಯಿಸಿ ನೋಡಿದರು. ಎಲ್ಲ ದಿಕ್ಕಿನಲ್ಲೂ ನೆಂಟರಿದ್ದರು. ಟ್ರ್ಯಾಕ್ಟರ್, ಆಟೋ, ಶಾಲೆಯ ಬಸ್ಸು, ಒಂದು ದಿನ ನೀರಿನ ಟ್ಯಾಂಕರ್. ಮೂರು ವಾರದಲ್ಲಿ ಅವರು ಕಾಲಲ್ಲಿ ನಡೆದದ್ದು ಒಟ್ಟು ನಾಲ್ಕು ಕಿಲೋಮೀಟರ್ ಇದ್ದರೆ ಹೆಚ್ಚು.

ಅಮಾವಾಸ್ಯೆಯ ದಿನ ಬೆಳಿಗ್ಗೆ ನಾಲ್ಕೂವರೆಗೆ ಓಟ ಶುರು. ನಂಜಪ್ಪನವರ ಹೆಂಡತಿ ವನಜಾ ಹಿಂದಿನ ದಿನದಿಂದಲೇ ನಿದ್ದೆಗೆಟ್ಟು ಅಡುಗೆ ಮಾಡಿದ್ದರು. ನಾಲ್ಕು ಡಬ್ಬಿಯ ದೊಡ್ಡ ಟಿಫನ್ ಕ್ಯಾರಿಯರ್. ಕೆಳಗಿನದರಲ್ಲಿ ಮಟನ್ ಸಾರು, ಅದರ ಮೇಲೆ ಮುದ್ದೆ, ಅದರ ಮೇಲೆ ಬೋಟಿ ಗೊಜ್ಜು, ಮೇಲ್ಗಡೆ ವಡೆ ಮತ್ತು ಕಜ್ಜಾಯ. ಬೆನ್ನಿನ ಚೀಲದಲ್ಲಿ ಬಾಳೆಲೆ, ಹೊಸ ಪಂಚೆ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಇವರು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮ್ಯಾರಥಾನಿನವರು ಕೊಟ್ಟ ಹಳದಿ ಟೀ ಶರ್ಟ್ ಹಾಕಿ, ಎದೆಗೆ ನಂಬರು ಅಂಟಿಸಿಕೊಂಡು, ಮಾರತ್‌ಹಳ್ಳಿಯಲ್ಲಿ ತಂದ ಹೊಸ ಶೂ ಮೆಟ್ಟಿ ಎರಡು ಸಾವಿರ ಜನರ ನಡುವೆ ನಿಂತರು. ಮನೆಯಿಂದ ಹೊರಡುವಾಗಲೇ ಪಿಳ್ಳಮ್ಮನವರು ಹಣೆಗೆ ವಿಭೂತಿ ಹಚ್ಚಿದ್ದರು.

ನಾನು ಸ್ಕೂಟರಿನಲ್ಲಿ ಹಿಂದೆ ಮುಂದೆ ಸುಳಿಯುತ್ತಿದ್ದೆ. ಐದು ಕಿಲೋಮೀಟರಿಗೆ ಮೊದಲ ನಾಯಿ ಸೇರಿಕೊಂಡಿತು. ಮಟನ್ನಿನ ವಾಸನೆಗೆ ಮತ್ತೆರಡು, ಗುಂಜೂರು ದಾಟುವಾಗ ಒಟ್ಟು ಏಳು. ನಂಜಪ್ಪನವರು ಹೆದರಿ ಓಡಿದರು. ಇವರು ಓಡಿದರೆ ಅವೂ ಓಡುತ್ತಿದ್ದವು, ನಿಂತರೆ ಸುತ್ತ ಕೂರುತ್ತಿದ್ದವು. ಮೊದಲ ಹನ್ನೆರಡು ಕಿಲೋಮೀಟರನ್ನು ಅವರು ಅಷ್ಟು ಚುರುಕಾಗಿ ಮುಗಿಸಿದ್ದರೆ ಅದು ನಾಯಿಗಳ ಪುಣ್ಯ. ಆಮೇಲೆ ಶೂ ಕಚ್ಚಿತು. ಬಿಚ್ಚಿ ನನ್ನ ಸ್ಕೂಟರಿನಲ್ಲಿ ಹಾಕಿ ಬರಿಗಾಲಿನಲ್ಲಿ ಹೊರಟರು.

ಬರಿಗಾಲು, ಪಂಚೆ, ಕೈಯಲ್ಲಿ ಭಾರ. ಇದನ್ನು ಕಂಡ ಐಟಿಯವರಿಗೆ ಏನನ್ನಿಸಿತೋ, ಪಕ್ಕದಲ್ಲಿ ಓಡುತ್ತಾ ಫೋಟೋ ಹಿಡಿಯತೊಡಗಿದರು. ಇದು ಹಳೆಯ ಕಾಲದ ಅಭ್ಯಾಸ ಕ್ರಮವೇ ಎಂದು ಒಬ್ಬಳು ಹುಡುಗಿ ಭಕ್ತಿಯಿಂದ ಕೇಳಿದಳು. ಹೌದು, ನಮ್ಮಲ್ಲಿ ವರ್ಷಕ್ಕೊಂದ್ಸಲ ಮಾಡ್ತೀವಿ ಎಂದು ಇವರು ಸತ್ಯವನ್ನೇ ಹೇಳಿದರು. ಇಪ್ಪತ್ತನೆಯ ಕಿಲೋಮೀಟರಿನಲ್ಲಿ ಇಬ್ಬರು ಯುವಕರು ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ತೂಗಾಡಿಸುತ್ತಾ ಇವರ ಹಾಗೇ ಓಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ದಾರಿಯುದ್ದಕ್ಕೂ ಬಾಳೆಹಣ್ಣು, ಕಿತ್ತಳೆ, ಕಡಲೆಮಿಠಾಯಿ ಕೊಡುತ್ತಿದ್ದರು. ಇವರು ಎಲ್ಲದಕ್ಕೂ ಕೈ ಮುಗಿಯಲೂ ಆಗದೆ ಕ್ಯಾರಿಯರ್ ಎತ್ತಿ ಬೇಡವೆಂದರು.

ಊರಿನವರ ಕಾಟ ಬೇರೆ. ನಂಜಪ್ಪನನ್ನು ಕಂಡು ಗಾಡಿ ನಿಲ್ಲಿಸದವರಿಲ್ಲ. ಸೋದರಮಾವನೊಬ್ಬ ಟ್ರ್ಯಾಕ್ಟರಿನಿಂದ ಇಳಿದು ತೋಳು ಹಿಡಿದು ಎಳೆದ. ಇವರು ಬಿಡಿಸಿಕೊಂಡು ಓಡಿದರು. ಹೋಗೋ, ಹೊಲ ಮಾರಿದ್ಮೇಲೆ ಮಾವಂದಿರು ಕಾಣಲ್ಲ ನಿಂಗೆ ಎಂದು ಅವನು ಹಿಂದಿನಿಂದ ಕೂಗಿದ. ಆ ಮಾತು ಅವರಿಗೆ ಎಲ್ಲಿ ತಾಗಿತೋ, ಸ್ವಲ್ಪ ದೂರ ಕಣ್ಣೊರೆಸಿಕೊಂಡೇ ಹೋದರು. ಬೆವರು ಎಂದು ಮ್ಯಾರಥಾನಿನವರು ತಿಳಿದಿರಬೇಕು.

ಇಪ್ಪತ್ತೆಂಟರ ಹತ್ತಿರ ಅವರಿಗೆ ಮೂತ್ರಕ್ಕೆ ಹೋಗಬೇಕಾಯಿತು. ಕ್ಯಾರಿಯರ್ ಹಿಡಿದು ಹೋಗುವಂತಿಲ್ಲ, ನೆಲಕ್ಕಿಡುವಂತಿಲ್ಲ. ನನ್ನ ಮುಖ ನೋಡಿದರು. ನಮ್ಮದು ಬೆಳ್ಳುಳ್ಳಿ ಕೂಡ ಒಳಗೆ ಬಿಡದ ಮನೆ. ನನ್ನ ತಾತ ಬೀದಿಯಲ್ಲಿ ಮೀನಿನ ವಾಸನೆ ಬಂದರೆ ಸ್ನಾನ ಮಾಡುತ್ತಿದ್ದವರು. ಅಂಥವರ ಮೊಮ್ಮಗ ಸರ್ಜಾಪುರದ ರಸ್ತೆಬದಿಯಲ್ಲಿ, ಏಳು ನಾಯಿಗಳ ನಡುವೆ, ಮಟನ್ನು ಬೋಟಿಗಳ ಕ್ಯಾರಿಯರನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು ಮೂರು ನಿಮಿಷ ನಿಂತಿದ್ದೆ. ಪಂಕಜಾಗೆ ಇದನ್ನು ಇನ್ನೂ ಹೇಳಿಲ್ಲ.

ಮೂವತ್ತರ ನಂತರ ಅದನ್ನು ಓಟವೆನ್ನಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ನಡಿಗೆಯೂ ಅಲ್ಲ. ಬಲಗಾಲನ್ನು ಇಟ್ಟು, ಎಡಗಾಲು ಬರುವವರೆಗೆ ಕಾಯುತ್ತಿದ್ದರು. ಎಲ್ಲರಿಗಿಂತ ಹಿಂದೆ ಉಳಿದವರ ಜೊತೆ ನಡೆಯಲು ಸಿದ್ಧಾರ್ಥ್ ಎಂಬ ಯುವಕನನ್ನು ನೇಮಿಸಿದ್ದರು. ಅವನು ಇಂಗ್ಲಿಷಿನಲ್ಲಿ ಹುರಿದುಂಬಿಸುತ್ತಿದ್ದ, ಇವರು ಕನ್ನಡದಲ್ಲಿ ನರಳುತ್ತಿದ್ದರು. ಹಿಂದೆಯೇ ಬರುತ್ತಿದ್ದ ಆಂಬುಲೆನ್ಸಿನವನೂ ಪರಿಚಯದವನೇ. ಅವನು ಕೂಡ ಬಾಗಿಲು ತೆಗೆದು, ಬನ್ನಿ ನಂಜಪ್ಪಣ್ಣ ಡ್ರಾಪ್ ಮಾಡ್ತೀನಿ ಎಂದ. ಸಾಕು, ಹತ್ತಿಬಿಡಿ, ನಿಮ್ಮ ಪ್ರಾಣ ಹೋದರೆ ನಿಮ್ಮ ತಾಯಿಗೆ ಯಾರು ದಿಕ್ಕು ಎಂದು ನಾನೇ ಕೈ ಮುಗಿದೆ. ಅವರು ನಿಲ್ಲಲಿಲ್ಲ.

"ನಮ್ಮಮ್ಮ ತಮಾಸೆಗ್ ಹೇಳಿಲ್ಲ ಸಾರ್. ತಂಗಿ ಮಗಂಗೆ ಹೇಳಿ ಕಳ್ಸವ್ಳೆ."

ಗೇಟು ಕಂಡಾಗ ಹನ್ನೆರಡು ಇಪ್ಪತ್ತೆರಡು. ಎರಡು ವರ್ಷ ಇವರನ್ನು ಹೊರಗೆ ನಿಲ್ಲಿಸಿದ್ದ ಅದೇ ಕೃಷ್ಣ ಅಲ್ಲಿದ್ದ. ಪಟ್ಟಿ ದಾಟಿದ ಕೂಡಲೇ ಹಸಿರು ದೀಪ ಹತ್ತಿತು. ಸೂಪರ್ ಸಾರ್ ಎಂದು ಅವನು ಸೆಲ್ಯೂಟ್ ಹೊಡೆದ. ಯಾವ ಫ್ಲ್ಯಾಟು ಎಂದು ಕೇಳಲಿಲ್ಲ. ನಾಯಿಗಳನ್ನೂ ನನ್ನನ್ನೂ ತಡೆದ. ನಾನು ಸ್ಕೂಟರ್ ತಿರುಗಿಸಿ ಮನೆಗೆ ಓಡಿಸಿದೆ. ಅಂಗಳದಲ್ಲಿ ಕೂತಿದ್ದ ಪಿಳ್ಳಮ್ಮನವರಿಗೆ, ಒಳಗೆ ಹೋದ್ರು ಕಣಮ್ಮ ಎಂದೆ. ಅವರು ಗೋಡೆಗೊರಗಿ ಕಣ್ಣು ಮುಚ್ಚಿದರು. ಅಳುತ್ತಿದ್ದರು ಅಂತ ಕಾಣುತ್ತದೆ.

ಒಳಗೆ ಆದದ್ದನ್ನು ನಂಜಪ್ಪನವರು ಆಮೇಲೆ ನನಗೆ ಹೇಳಿದರು. ಓಟದ ದಾರಿ ಬಿಟ್ಟು ಹುಣಸೆಮರದ ಕಡೆ ತಿರುಗಿದರಂತೆ. ಸಿದ್ಧಾರ್ಥ್ ಆ ಕಡೆ ಅಲ್ಲ ಅಂಕಲ್ ಎಂದು ಹಿಂದೆ ಬಂದನಂತೆ. ಸಮಾಧಿಯ ಸುತ್ತ ಹುಲ್ಲುಹಾಸು, ಮುಂದೆ ಒಂದು ಕಲ್ಲುಬೆಂಚು. ಅಲ್ಲಿ ಹೌಸ್‌ಕೀಪಿಂಗಿನ ನೀಲಿ ಸಮವಸ್ತ್ರದ ಹೆಂಗಸೊಬ್ಬಳು ಮಂಡಿಯೂರಿ ಕೂತಿದ್ದಳು. ಸಮಾಧಿಗೆ ಕುಂಕುಮ, ಎರಡು ಚೆಂಡುಹೂವು, ಊದುಬತ್ತಿ, ಮುಂದೆ ಸ್ಟೀಲ್ ತಟ್ಟೆಯಲ್ಲಿ ಜೋಳದ ರೊಟ್ಟಿ ಮತ್ತು ಬದನೆಕಾಯಿ ಪಲ್ಯ. ಇವರಿಗೆ ಏನೂ ತಿಳಿಯದೆ, ಇದು ನಮ್ಮಪ್ಪನ ಸಮಾಧಿ ಎಂದರು. ಅವಳು ತಲೆಯೆತ್ತಿ ನೋಡಿದಳು.

"ಇವರಿಗೆ ಮಗ ಅದಾನೇನ್ರಿ? ನಾ ಯಾರೂ ದಿಕ್ಕಿಲ್ಲದವರು ಅಂತ ತಿಳಿದಿದ್ದೆ. ಅದಕ್ಕ ಎರಡು ವರ್ಷದಿಂದ ನಾನೇ ಎಡಿ ಇಡಾಕತ್ತೀನ್ರಿ."

ಅವಳ ಹೆಸರು ಶೇಖವ್ವ, ಸಿಂಧನೂರಿನ ಕಡೆಯವಳು. ಅಮಾವಾಸ್ಯೆಗೆ ಊರಿಗೆ ಹೋಗಲು ರಜೆ ಸಿಗುವುದಿಲ್ಲ, ಅವಳಪ್ಪನ ಸಮಾಧಿ ಅಲ್ಲಿದೆ. ಇಲ್ಲೊಬ್ಬರು ಒಂಟಿಯಾಗಿ ಇದ್ದಾರಲ್ಲ, ಇಬ್ಬರಿಗೂ ಸೇರಿಸಿ ಇಲ್ಲೇ ಇಟ್ಟರೆ ಜೊತೆಗೆ ಉಣ್ಣುತ್ತಾರೆ ಎಂದು ಶುರು ಮಾಡಿದಳಂತೆ. ನಂಜಪ್ಪನವರಿಗೆ ನಾಚಿಕೆಯಾಯಿತು. ಮಗನಿದ್ದೂ ದಿಕ್ಕಿಲ್ಲದವನಾದನಲ್ಲ ನಮ್ಮಪ್ಪ ಎಂದು ಅಲ್ಲೇ ನಿಂತು ಗಟ್ಟಿಯಾಗಿ ಅತ್ತರು. ಕೂರಲು ಹೋದರೆ ಮಂಡಿ ಮಡಚಲಿಲ್ಲ. ಸಿದ್ಧಾರ್ಥ್ ಬೆನ್ನು ಹಿಡಿದು ಇಳಿಸಿದ, ಅವರು ಹುಲ್ಲಿನ ಮೇಲೆ ಹಾಗೇ ಉದ್ದಕ್ಕೆ ಉರುಳಿದರು. ಕ್ಯಾರಿಯರನ್ನು ಮಾತ್ರ ಎದೆಯ ಮೇಲೆ ಇಟ್ಟುಕೊಂಡಿದ್ದರು. ಎಂಟು ಗಂಟೆ ಕುಲುಕಿ ಮುದ್ದೆ, ಸಾರು, ಗೊಜ್ಜು, ಕಜ್ಜಾಯ ಎಲ್ಲ ಒಂದೇ ಪದಾರ್ಥವಾಗಿತ್ತು. ಶೇಖವ್ವ ಬಾಳೆಲೆ ಹಾಸಿದಳು, ಇವರು ಮಲಗಿದಲ್ಲಿಂದಲೇ ಕೈ ಚಾಚಿ ಬಡಿಸಿದರು, ಬ್ರಾಂದಿ ಸುರಿದರು, ಬೀಡಿ ಹಚ್ಚಿಟ್ಟರು.

ಆಗ ಸಿದ್ಧಾರ್ಥನ ಫೋನಿನಿಂದ ವನಜಾರ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಪಿಳ್ಳಮ್ಮನವರ ಮುಂದೆ ಫೋನ್ ಹಿಡಿದು ನಿಂತದ್ದು ನಾನು. ತೆರೆಯಲ್ಲಿ ಸಮಾಧಿ ಕಂಡಿತು, ಎರಡು ಎಡೆ ಕಂಡವು. ನಾವು ನೋಡುತ್ತಿದ್ದಂತೆ ಒಂದು ಕಾಗೆ ಇಳಿದು, ಬಾಳೆಲೆಯನ್ನು ಸುತ್ತು ಹಾಕಿ ನೋಡಿ, ತಟ್ಟೆಯ ರೊಟ್ಟಿ ಕಚ್ಚಿತು. ಯಾರ ಎಡೆ ಅದು ಎಂದು ಪಿಳ್ಳಮ್ಮನವರು ಕೇಳಿದರು. ನಂಜಪ್ಪನವರು ಮಲಗಿದ್ದಂತೆಯೇ ಎಲ್ಲವನ್ನೂ ಹೇಳಿದರು, ಏನೂ ಮುಚ್ಚಿಡಲಿಲ್ಲ. ಎರಡು ವರ್ಷ ಅದನ್ನೇ ಉಂಡು ರೂಢಿಯಾಗಿದೆ ಬಿಡು ಅವಯ್ಯನಿಗೆ ಎಂದರು ಪಿಳ್ಳಮ್ಮನವರು. ನನ್ನ ಮಣ್ಣು ನೀನೇ ಮಾಡು ಎಂದು ಮಗನಿಗೂ ಅಂದರು. ಆಮೇಲೆ ಆ ಹೆಂಗಸಿನ ಕೈಗೆ ಫೋನ್ ಕೊಡಲು ಹೇಳಿದರು.

"ತಾಯಿ, ನನ್ನನ್ನ ಎಲ್ಲಾದ್ರೂ ಮಣ್ಣು ಮಾಡ್ಲಿ, ಎಡೆ ಮಾತ್ರ ಅಲ್ಲೇ ಅವಯ್ಯನ ಪಕ್ಕದಾಗೆ ಇಡ್ಬೇಕು. ಇವ್ನು ವರ್ಸ ವರ್ಸ ಓಡಾಕಾಗಾಕಿಲ್ಲ. ನಂಗೂ ಒಂದು ರೊಟ್ಟಿ ಇಡ್ತೀಯಾ?"

"ಇಡ್ತೀನ್ರಿ ಅವ್ವಾ. ನಾ ಇಲ್ಲಿ ಇರೂತನ ಇಡ್ತೀನಿ. ಮುಂದಿನ ವರ್ಷದ ದೀಪಾವಳಿತನ ಐತ್ರಿ ನಮ್ಮ ಕಾಂಟ್ರಾಕ್ಟು. ಆಮ್ಯಾಲ ಎಲ್ಲಿಗೆ ಹಾಕ್ತಾರೋ ಗೊತ್ತಿಲ್ಲ."

ಪಿಳ್ಳಮ್ಮನವರು ಬೆರಳು ಮಡಚಿ ತಿಂಗಳು ಎಣಿಸಿದರು. ಮುಂದಿನ ಮಹಾಲಯ ಅಮಾವಾಸ್ಯೆ ಆ ದೀಪಾವಳಿಗೆ ಮೊದಲೇ ಬರುತ್ತದೆ. ಹಾಗಾದರೆ ಅದರೊಳಗೇ ಹೊರಟುಬಿಡುತ್ತೇನೆ ಎಂದರು. ತಮಾಷೆಯ ಮುಖವಲ್ಲ. ಊರಿಗೆ ಹೋಗುವ ಬಸ್ಸಿನ ಹೊತ್ತು ಗೊತ್ತುಮಾಡಿಕೊಂಡವರ ಮುಖ. ತೆರೆಯಲ್ಲಿ ಶೇಖವ್ವ ಸರಿದಳು, ಹುಲ್ಲಿನ ಮೇಲೆ ಬಿದ್ದಿದ್ದ ನಂಜಪ್ಪನವರು ಕಂಡರು. ಏಳಲು ಹೋಗಿ ಆಗದೆ, ತಲೆ ಮಾತ್ರ ಎತ್ತಿದ್ದರು.

"ಬ್ಯಾಡ ಕಣಮ್ಮ. ನೀನಿರು. ನಾನ್ ಓಡ್ತೀನಿ."